ಅರಸನು ಕಟ್ಟಿಸಿದಳು: ಹತ್ಶೆಪ್ಸುತ್ ಹೆಸರು ಅಳಿಸಿದ ಪ್ರಕರಣ

ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ 1829ರಲ್ಲಿ ನೈಲ್ ನದಿಯ ಪಶ್ಚಿಮ ದಡದ ದೇರ್ ಎಲ್-ಬಹ್ರಿಗೆ ಬಂದರು. ಅಲ್ಲಿನ ಗುಡಿ ಆಗ ಬಹುಪಾಲು ಮಣ್ಣಿನಡಿ ಇತ್ತು. ಅದರ ಮೇಲೆ ಹಳೆಯ ಕ್ರೈಸ್ತ ಮಠವೊಂದರ ಪಾಳು ಗೋಡೆಗಳು. ಆ ಜಾಗದ ಹೆಸರಿನ ಅರ್ಥವೇ ‘ಉತ್ತರದ ಮಠ’. ಕಣ್ಣಿಗೆ ಬಿದ್ದ ಗೋಡೆಗಳಲ್ಲಿ ಇಬ್ಬರು ಅರಸರ ಚಿತ್ರಗಳಿದ್ದವು. ಹಿಂದೆ ನಿಂತವನು ಮೂರನೇ ಥುಟ್ಮೋಸ್. ದಂಡಯಾತ್ರೆಗಳಿಂದ ಹೆಸರಾದ ದೊಡ್ಡ ಅರಸ. ಅಂಥವನನ್ನೇ ಹಿಂದೆ ನಿಲ್ಲಿಸಿ ಮುಂದೆ ನಿಂತ ಇನ್ನೊಬ್ಬನಿಗೆ ಗಡ್ಡ ಇತ್ತು, ಅರಸರ ಉಡುಪು ಇತ್ತು. ಆದರೆ ಅವನ ಬಗ್ಗೆ ಬರೆದ ಸಾಲುಗಳಲ್ಲಿ ಪದಗಳೆಲ್ಲ ಹೆಂಗಸಿಗೆ ಬಳಸುವ ಪ್ರತ್ಯಯಗಳಲ್ಲಿ ಮುಗಿಯುತ್ತಿದ್ದವು. ಶಾಂಪೋಲಿಯನ್‌ಗೆ ತಲೆ ಕೆಟ್ಟುಹೋಯಿತು.

ಈ ಪೇಚು ಎಂಥದ್ದು ಎಂದು ಕನ್ನಡದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ‘ಅರಸನು ತನ್ನ ತಂದೆ ಅಮುನ್ ದೇವರಿಗೆ ಈ ಗುಡಿ ಕಟ್ಟಿಸಿದಳು’ ಎಂದು ಒಂದು ಶಾಸನದಲ್ಲಿ ಓದಿದರೆ ನಮ್ಮ ಕಣ್ಣು ಆ ‘ಳು’ ಹತ್ತಿರ ತಡೆದು ನಿಲ್ಲುತ್ತದೆ ಅಲ್ವಾ? ಅವರ ಕಣ್ಣೂ ಅಲ್ಲೇ ನಿಂತಿತ್ತು.

ಗಡ್ಡದ ಆ ಅರಸ ಹತ್ಶೆಪ್ಸುತ್. ಸುಮಾರು ಇಪ್ಪತ್ತು ವರ್ಷ ಈಜಿಪ್ಟನ್ನು ಆಳಿದ ಹೆಂಗಸು. ಅವಳ ಹೆಸರನ್ನೂ ಚಿತ್ರವನ್ನೂ ಗುಡಿಯಿಂದ ಗುಡಿಗೆ ಹೋಗಿ ಉಳಿಯಿಂದ ಕೆತ್ತಿಹಾಕಿದ್ದಾರೆ. ಮಾಡಿಸಿದವರು ಯಾರೆಂದು ಬಹುಮಟ್ಟಿಗೆ ಗೊತ್ತು. ಯಾವಾಗ ಮಾಡಿಸಿದರು ಎಂಬುದೇ ಈ ಪ್ರಕರಣದ ಗಂಟು. ಅದು ಬಿಚ್ಚಿದರೆ, ಏಕೆ ಎಂಬುದೂ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ.

ಮನೆಯ ಒಳಗಿನ ಮಾತು

ಒಂದನೇ ಥುಟ್ಮೋಸ್ ಮತ್ತು ಅವನ ಪಟ್ಟದ ರಾಣಿ ಅಹ್ಮೋಸೆಗೆ ಹುಟ್ಟಿದ ಮಗಳು ಹತ್ಶೆಪ್ಸುತ್. ಅಪ್ಪನ ಇನ್ನೊಬ್ಬ ಹೆಂಡತಿಯ ಮಗನಾದ ಎರಡನೇ ಥುಟ್ಮೋಸನನ್ನು ಮದುವೆಯಾದಳು. ಆ ಅರಮನೆಯಲ್ಲಿ ಅದು ವಿಚಿತ್ರವಲ್ಲ. ಅವರಿಗೆ ನೆಫೆರುರೆ ಎಂಬ ಮಗಳಿದ್ದಳು, ಗಂಡು ಮಗು ಇರಲಿಲ್ಲ. ಗಂಡ ಬೇಗ ತೀರಿಕೊಂಡ. ಅವನ ಇನ್ನೊಬ್ಬ ಹೆಂಡತಿ ಇಸೆತ್‌ಗೆ ಹುಟ್ಟಿದ್ದ ಪುಟ್ಟ ಹುಡುಗ ಮೂರನೇ ಥುಟ್ಮೋಸ್ ಆಗಿ ಪಟ್ಟಕ್ಕೆ ಬಂದ. ಇದು ಕ್ರಿ.ಪೂ. 1479ರ ಸುಮಾರಿನ ಮಾತು.

ಹುಡುಗ ಚಿಕ್ಕವನು, ಮಲತಾಯಿ ಆಡಳಿತ ನೋಡಿಕೊಂಡಳು. ಇಷ್ಟಾಗಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಈಜಿಪ್ಟಿನಲ್ಲಿ ಮೊದಲೂ ಹೀಗೆ ರಾಜಮಾತೆಯರು ರಾಜ್ಯ ನಡೆಸಿದ್ದರು. ಇನೆನಿ ಎಂಬ ಅಧಿಕಾರಿಯ ಸಮಾಧಿಯಲ್ಲಿ ಇದು ಸರಳವಾಗಿ ಬರೆದಿದೆ: ಸಿಂಹಾಸನದ ಮೇಲೆ ಹುಡುಗ ಇದ್ದ, ನಾಡಿನ ಕೆಲಸ ನಡೆಸಿದವಳು ಹತ್ಶೆಪ್ಸುತ್.

ಆದರೆ ಏಳನೇ ವರ್ಷದ ಹೊತ್ತಿಗೆ ಅವಳೇ ಅರಸನಾಗಿದ್ದಳು. ಇದಕ್ಕೆ ಸಿಕ್ಕ ಸಾಕ್ಷಿ ಒಂದು ಮಣ್ಣಿನ ಜಾಡಿ. ಅವಳ ನೆಚ್ಚಿನ ಅಧಿಕಾರಿ ಸೆನೆನ್ಮುತ್‌ನ ಅಪ್ಪ ಅಮ್ಮನನ್ನು ಹೂಳಿದ ಕೋಣೆಯಲ್ಲಿ ಏಳನೇ ವರ್ಷ ಎಂದು ಬರೆದ ಜಾಡಿ ಸಿಕ್ಕಿತು. ಜೊತೆಗೇ ಅವಳ ರಾಜನಾಮ ‘ಮಾತ್‌ಕರೆ’ ಒತ್ತಿದ ಮುದ್ರೆಯೂ ಇತ್ತು. ಗಮನಿಸಬೇಕಾದ್ದು ಇನ್ನೊಂದಿದೆ. ಆ ‘ಏಳನೇ ವರ್ಷ’ ಹುಡುಗ ಪಟ್ಟಕ್ಕೆ ಬಂದಲ್ಲಿಂದ ಎಣಿಸಿದ್ದು. ಅವಳು ಹೊಸ ಲೆಕ್ಕ ಶುರು ಮಾಡಲಿಲ್ಲ, ಹುಡುಗನನ್ನು ಕೆಳಗಿಳಿಸಲೂ ಇಲ್ಲ. ಅವನೂ ಅರಸ, ಇವಳೂ ಅರಸ. ಚಿತ್ರಗಳಲ್ಲಿ ಇವಳು ಒಂದು ಹೆಜ್ಜೆ ಮುಂದೆ, ಅಷ್ಟೇ. ಶಾಂಪೋಲಿಯನ್ ಕಂಡದ್ದು ಇದನ್ನೇ.

ದೇವರೇ ಅಪ್ಪ ಅಂದಮೇಲೆ

ಅರಸ ಎಂದರೆ ಅಲ್ಲಿ ಹೋರಸ್ ದೇವರ ರೂಪ. ಹೋರಸ್ ಗಂಡು. ಪೂಜೆಯನ್ನು ಸಲ್ಲಿಸುವ ಹಕ್ಕು ಲೆಕ್ಕಕ್ಕೆ ಅರಸನೊಬ್ಬನದು, ಪೂಜಾರಿಗಳು ಅವನ ಬದಲಿಗೆ ನಿಂತವರು. ಹಾಗಾಗಿ ಹೆಂಗಸೊಬ್ಬಳು ಅರಸನಾಗುವುದು ಬರೀ ಅಧಿಕಾರದ ಪ್ರಶ್ನೆ ಆಗಿರಲಿಲ್ಲ, ಧರ್ಮದ ಪ್ರಶ್ನೆಯೂ ಆಗಿತ್ತು. ಹತ್ಶೆಪ್ಸುತ್ ಅದನ್ನು ಬಗೆಹರಿಸಿದ್ದು ಕಲ್ಲಿನಲ್ಲಿ.

ದೇರ್ ಎಲ್-ಬಹ್ರಿಯ ಗುಡಿಯಲ್ಲಿ ಒಂದು ಉದ್ದ ಕಂಬಸಾಲಿನ ಗೋಡೆ ಪೂರ್ತಿ ಅವಳ ಹುಟ್ಟಿನ ಕಥೆ. ಅಮುನ್ ದೇವರು ಅವಳ ಅಪ್ಪನ ವೇಷದಲ್ಲಿ ರಾಣಿ ಅಹ್ಮೋಸೆಯ ಕೋಣೆಗೆ ಬರುತ್ತಾನೆ. ಅವನ ಮೈಯ ಪರಿಮಳಕ್ಕೆ ರಾಣಿಗೆ ಎಚ್ಚರವಾಗುತ್ತದೆ. ಇಬ್ಬರೂ ಮಂಚದ ಮೇಲೆ ಎದುರುಬದುರು ಕೂತಿದ್ದಾರೆ, ತುಂಬ ಸಂಕೋಚದ ಚಿತ್ರ. ಆಮೇಲೆ ಟಗರಿನ ತಲೆಯ ಖ್ನುಮ್ ದೇವರು ಕುಂಬಾರನ ಚಕ್ರದ ಮೇಲೆ ಎರಡು ಮಕ್ಕಳ ಗೊಂಬೆ ಮಾಡುತ್ತಾನೆ. ಒಂದು ಅವಳು, ಇನ್ನೊಂದು ಅವಳ ಜೀವಶಕ್ತಿ. ಎರಡೂ ಗಂಡು ಮಕ್ಕಳ ಗೊಂಬೆಗಳು, ಪಕ್ಕದ ಬರಹ ಮಾತ್ರ ಅಮುನನ ಮಗಳು ಎನ್ನುತ್ತದೆ. ಆ ಶಿಲ್ಪಿಗೆ ಏನನ್ನಿಸಿತ್ತೋ!

ಇದನ್ನು ಸುಮ್ನೆ ಪ್ರಚಾರ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಪ್ರಚಾರ ಆಗಿದ್ದರೆ ಅವಳ ಜೊತೆಗೇ ಸಾಯಬೇಕಿತ್ತು. ಸುಮಾರು ನೂರು ವರ್ಷದ ಬಳಿಕ ಅರಸ ಮೂರನೇ ಅಮೆನ್‌ಹೋಟೆಪ್ ಲಕ್ಸರ್ ಗುಡಿಯಲ್ಲಿ ತನ್ನ ಹುಟ್ಟಿನ ಬಗ್ಗೆ ಇದೇ ಕಥೆಯನ್ನು ಇದೇ ಕ್ರಮದಲ್ಲಿ ಕೆತ್ತಿಸಿದ. ಅವನು ಗಂಡಸು, ಪಟ್ಟಕ್ಕೆ ಅಡ್ಡಿ ಇರಲಿಲ್ಲ, ಆದರೂ ಅವನಿಗೆ ಅದು ಬೇಕಾಯಿತು.

ಹಬ್ಬಗಳ ವಿಷಯವೂ ಹೀಗೇ. ನಮ್ಮ ಉತ್ಸವಮೂರ್ತಿಯಂತೆ ಅಮುನನಿಗೂ ಹೊರಗೆ ಹೋಗುವ ಮೂರ್ತಿ ಇತ್ತು. ಅದನ್ನು ದೋಣಿಯಾಕಾರದ ಪಲ್ಲಕ್ಕಿಯಲ್ಲಿಟ್ಟು ಪೂಜಾರಿಗಳು ಹೆಗಲ ಮೇಲೆ ಹೊರುತ್ತಿದ್ದರು. ನದಿಯ ಪೂರ್ವ ದಡದಲ್ಲಿರುವ ಅಮುನನ ದೊಡ್ಡ ಗುಡಿ ಕಾರ್ನಾಕ್‌ನಿಂದ ಲಕ್ಸರ್ ಗುಡಿಗೆ ಹೋಗುವ ಓಪೆತ್ ಹಬ್ಬದ ಚಿತ್ರಗಳು ಮೊದಲು ಸಿಗುವುದು ಇವಳ ಕಾಲದಲ್ಲಿ. ದಾರಿಯುದ್ದಕ್ಕೂ ಪಲ್ಲಕ್ಕಿ ಇಳಿಸಲು ಇವಳು ಕಟ್ಟಿಸಿದ ಆರು ಕಟ್ಟೆಮಂಟಪಗಳು. ಹೋಗುವಾಗ ನೆಲದ ಮೇಲೆ, ಬರುವಾಗ ನದಿಯಲ್ಲಿ. ಇನ್ನೊಂದು ಹಬ್ಬದಲ್ಲಿ ಅಮುನ್ ನದಿ ದಾಟಿ ಪಶ್ಚಿಮ ದಡಕ್ಕೆ ಬಂದು ಅವಳ ಗುಡಿಯಲ್ಲೇ ತಂಗುತ್ತಿದ್ದ. ಅವತ್ತು ಊರಿನ ಜನ ತಮ್ಮ ಹಿರಿಯರ ಸಮಾಧಿಗಳಿಗೆ ಊಟ, ಹೂವು ತೆಗೆದುಕೊಂಡು ಹೋಗಿ ಅಲ್ಲೇ ಉಂಡು ಬರುತ್ತಿದ್ದರು.

ಗಡ್ಡ ಅಂಟಿಸಿದ ಮೇಲೂ

ಅವಳ ಮೂರ್ತಿಗಳ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅವಳದ್ದೊಂದು ಸುಣ್ಣಕಲ್ಲಿನ ಮೂರ್ತಿ ಇದೆ. ಅವಳು ಕೂತಿದ್ದಾಳೆ. ತಲೆಗೆ ಅರಸರ ಪಟ್ಟೆಪಟ್ಟೆ ವಸ್ತ್ರ, ಸೊಂಟಕ್ಕೆ ಅರಸರ ತುಂಡು ಪಂಚೆ. ಆದರೆ ಮೈಕಟ್ಟು ತೆಳು ಹೆಂಗಸಿನದೇ, ಮುಖವೂ ನಾಜೂಕು. ಅದೇ ಮ್ಯೂಸಿಯಂನಲ್ಲಿ ಮಂಡಿಯೂರಿ ಅಮುನನಿಗೆ ಕಾಣಿಕೆ ಹಿಡಿದ ದೊಡ್ಡ ಗ್ರಾನೈಟ್ ಮೂರ್ತಿಗಳೂ ಇವೆ. ಅಲ್ಲಿ ಅಗಲ ಎದೆ, ಗಡ್ಡ, ಪೂರ್ತಿ ಗಂಡು ಆಕಾರ. ಇಬ್ಬರೂ ಒಬ್ಬಳೇ.

ಬಣ್ಣದಲ್ಲೂ ಹೀಗೊಂದು ಹಾದಿ ಕಾಣುತ್ತದೆ. ಈಜಿಪ್ಟಿನ ಚಿತ್ರಗಳಲ್ಲಿ ಹೆಂಗಸರ ಮೈಗೆ ಹಳದಿ, ಗಂಡಸರಿಗೆ ಕೆಂಪು ಬಳಿಯುವುದು ರೂಢಿ. ಗುಡಿಯ ಕಂಬಗಳಿಗೆ ಒತ್ತಿ ನಿಲ್ಲಿಸಿದ್ದ ಅವಳ ಮೂರ್ತಿಗಳಲ್ಲಿ ಮೊದಲಿನವು ಹಳದಿ, ಆಮೇಲಿನವು ಕಿತ್ತಳೆ, ಕೊನೆಯವು ಕೆಂಪು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಿತ್ತಳೆ! ಹಳದಿಗೂ ಕೆಂಪಿಗೂ ನಡುವಿನ ಬಣ್ಣ. ಹೆಂಗಸು ಅರಸನಾದರೆ ಹೇಗೆ ತೋರಿಸಬೇಕು ಎಂಬುದಕ್ಕೆ ಆಚಾರಿಗಳ ಹತ್ತಿರ ಮಾದರಿ ಇರಲಿಲ್ಲ. ಕೆಲಸ ಮಾಡುತ್ತಲೇ ದಾರಿ ಹುಡುಕಿದರು.

ಇದನ್ನು ‘ಗಂಡು ವೇಷ ಹಾಕಿ ಜನರಿಗೆ ಮೋಸ ಮಾಡಿದಳು’ ಎಂದು ಬರೆಯುವವರನ್ನು ಈಗಲೂ ಕಾಣುತ್ತೇವೆ. ಮೋಸ ಮಾಡುವವಳು ಅದೇ ಮೂರ್ತಿಯ ಮೇಲೆ ‘ರೇ ದೇವರ ಮಗಳು’ ಎಂದು ಬರೆಸುತ್ತಾಳೆಯೇ? ಗಡ್ಡ ಅರಸನ ಪದವಿಗೆ ಸೇರಿದ್ದು, ‘ಳು’ ಅವಳಿಗೆ ಸೇರಿದ್ದು. ಅವಳು ಎರಡನ್ನೂ ಬಿಡಲಿಲ್ಲ.

ಗುಡಿಯ ಹೆಸರು ಜೆಸೆರ್-ಜೆಸೆರು, ಪವಿತ್ರಗಳಲ್ಲೇ ಪವಿತ್ರವಾದದ್ದು ಎಂದು ಅರ್ಥ. ಬಂಡೆಯ ಬುಡದಲ್ಲಿ ಮೂರು ಅಂತಸ್ತು ಮೆಟ್ಟಿಲಿನಂತೆ ಏರುತ್ತದೆ. ಪಕ್ಕದಲ್ಲೇ ಐನೂರು ವರ್ಷ ಹಿಂದಿನ ಮೆಂಟುಹೋಟೆಪ್ ಅರಸನ ಗುಡಿ ಇತ್ತು, ಮೂಲ ಹೊಳಹು ಅಲ್ಲಿಂದಲೇ ಬಂದದ್ದು. ಕೆಲಸದ ಮೇಲ್ವಿಚಾರಣೆಯಲ್ಲಿ ಸೆನೆನ್ಮುತ್ ಹೆಸರು ಮುಂದೆ ಬರುತ್ತದೆ. ಅವನು ರಾಜಕುಮಾರಿ ನೆಫೆರುರೆಯನ್ನು ಸಾಕಿ ಕಲಿಸಿದವನು. ಅವನ ಇಪ್ಪತ್ತಕ್ಕೂ ಹೆಚ್ಚು ಮೂರ್ತಿಗಳು ಸಿಕ್ಕಿವೆ, ಹಲವುಗಳಲ್ಲಿ ಮಗುವನ್ನು ಮಡಿಲಲ್ಲಿ ಹಿಡಿದಿದ್ದಾನೆ. ಗುಡಿಯ ಒಳಗೆ ಬಾಗಿಲು ತೆರೆದಾಗ ಮರೆಯಾಗುವ ಗೋಡೆಯಲ್ಲಿ ತನ್ನ ಪುಟ್ಟ ಚಿತ್ರಗಳನ್ನೂ ಕೆತ್ತಿಸಿಕೊಂಡಿದ್ದಾನೆ. ಅವನಿಗೂ ಅವಳಿಗೂ ಏನೋ ಇತ್ತು ಎಂಬ ಗಾಳಿಮಾತಿಗೆ ಗಟ್ಟಿ ಆಧಾರ ಇಲ್ಲ, ಅದನ್ನು ಬಿಟ್ಟುಬಿಡೋಣ.

ಒಂಬತ್ತನೇ ವರ್ಷ ಕೆಂಪು ಸಮುದ್ರದ ಕಡೆಯ ಪುಂಟ್ ನಾಡಿಗೆ ಹೋದ ಹಡಗುಗಳ ಚಿತ್ರ ಇದೇ ಗುಡಿಯಲ್ಲಿದೆ. ನೀರಿನ ಕೆಳಗಿನ ಮೀನುಗಳನ್ನು ಇಂಥದ್ದೇ ಜಾತಿ ಎಂದು ಗುರುತಿಸುವಷ್ಟು ನಿಖರವಾಗಿ ಕೆತ್ತಿದ್ದಾರೆ. ಧೂಪದ ಅಂಟು ಕೊಡುವ ಮರಗಳನ್ನು ಬೇರು ಮಣ್ಣಿನ ಸಮೇತ ಬುಟ್ಟಿಯಲ್ಲಿಟ್ಟು ಹೊತ್ತು ತರುತ್ತಿದ್ದಾರೆ. ಅಮುನನಿಗೆ ಧೂಪ ಬೇಕಲ್ಲ.

ಅಳಿಸಿದ್ದು ಹೇಗೆ

ಕ್ರಿ.ಪೂ. 1458ರ ಸುಮಾರಿಗೆ, ಇಪ್ಪತ್ತೆರಡನೇ ವರ್ಷದಲ್ಲಿ ಅವಳ ಕಾಲ ಮುಗಿಯಿತು. ಮೂರನೇ ಥುಟ್ಮೋಸ್ ಒಬ್ಬನೇ ಅರಸನಾಗಿ ಉಳಿದ. ಮರುವರ್ಷವೇ ಮೆಗಿದ್ದೋ ಯುದ್ಧ ಗೆದ್ದ.

ಗೋಡೆಗಳ ಮೇಲೆ ನಡೆದದ್ದು ಒಂದೇ ಬಗೆಯ ಕೆಲಸ ಅಲ್ಲ. ಕೆಲವು ಕಡೆ ಕಲ್ಲುಕುಟಿಗರು ಅವಳ ಆಕೃತಿಯನ್ನು ಅಂಚು ಬಿಡದೆ ಸಣ್ಣ ಸಣ್ಣ ಏಟಿನಲ್ಲಿ ತೆಗೆದಿದ್ದಾರೆ. ಹಾಗಾಗಿ ಅವಳದೇ ಆಕಾರದ ಒರಟು ಕಲೆ ಗೋಡೆಯಲ್ಲಿ ಉಳಿದಿದೆ. ಕೆಲವು ಕಡೆ ಅವಳ ಜಾಗದಲ್ಲಿ ನೈವೇದ್ಯದ ಮೇಜು ಕೆತ್ತಿದ್ದಾರೆ. ಅರಸರ ಹೆಸರನ್ನು ಸುತ್ತುವ ಉದ್ದನೆಯ ಕುಣಿಕೆಯೊಳಗೆ ಅವಳ ಹೆಸರು ತೆಗೆದು ಅವಳ ಅಪ್ಪನದೋ ಗಂಡನದೋ ಹೆಸರು ಹಾಕಿದ್ದಾರೆ. ಆದರೆ ಸುತ್ತಲಿನ ವಾಕ್ಯ ತಿದ್ದಲು ಎಷ್ಟೋ ಕಡೆ ಹೋಗಿಲ್ಲ. ಹಾಗಾಗಿ ಒಂದನೇ ಥುಟ್ಮೋಸನೂ ಎರಡನೇ ಥುಟ್ಮೋಸನೂ ಗೋಡೆಯ ಮೇಲೆ ‘ಕಟ್ಟಿಸಿದಳು’, ‘ಅರ್ಪಿಸಿದಳು’ ಆಗಿ ನಿಂತಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೆತ್ತಿಹಾಕಿದ್ದು ‘ಅರಸ’ ಹತ್ಶೆಪ್ಸುತ್‌ಳನ್ನು. ಅವಳು ಗಂಡನ ಪಕ್ಕದಲ್ಲಿ ರಾಣಿಯಾಗಿ ನಿಂತ ಚಿತ್ರಗಳನ್ನು ಸಾಮಾನ್ಯವಾಗಿ ಮುಟ್ಟಿಲ್ಲ. ಅವಳ ಮೇಲಿನ ಸಿಟ್ಟೇ ಕಾರಣ ಆಗಿದ್ದರೆ ರಾಣಿಯನ್ನು ಏಕೆ ಬಿಡುತ್ತಿದ್ದರು?

ಇಪ್ಪತ್ತು ವರ್ಷದ ಸಿಟ್ಟು?

ಬಹಳ ಕಾಲ ಎಲ್ಲರೂ ಹೇಳಿದ ಕಥೆ ಒಂದೇ. ಮಲತಾಯಿ ಸಿಂಹಾಸನ ಕಸಿದಳು, ಮಲಮಗ ಹಲ್ಲು ಕಚ್ಚಿಕೊಂಡು ಕಾದ, ಅವಳು ಸತ್ತ ಕೂಡಲೇ ಸೇಡು ತೀರಿಸಿಕೊಂಡ. 1920ರ ದಶಕದಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಪರವಾಗಿ ಹರ್ಬರ್ಟ್ ವಿನ್‌ಲಾಕ್ ದೇರ್ ಎಲ್-ಬಹ್ರಿಯಲ್ಲಿ ಅಗೆದರು. ಗುಡಿಯ ಹತ್ತಿರದ ಹಳೆಯ ಕಲ್ಲುಗಣಿಯೊಂದರಲ್ಲಿ ಅವಳ ಮೂರ್ತಿಗಳ ಚೂರುಗಳು ರಾಶಿ ರಾಶಿಯಾಗಿ ಸಿಕ್ಕವು. ಹತ್ತೊಂಬತ್ತನೇ ಶತಮಾನದಲ್ಲೇ ಬರ್ಲಿನ್ ಸೇರಿದ್ದ ಒಂದು ತಲೆಗೆ ಹೊಂದುವ ಮೈ ಇಲ್ಲಿ ಸಿಕ್ಕಿತು, ಆಮೇಲೆ ಎರಡನ್ನೂ ಕೂಡಿಸಿದರು. ಆ ರಾಶಿ ನೋಡಿದ ವಿನ್‌ಲಾಕ್‌ಗೆ ಸೇಡಿನ ಕಥೆಯೇ ಕಂಡಿತು. ಯಾರಿಗಾದರೂ ಹಾಗೇ ಕಾಣುತ್ತಿತ್ತು. ಮಲತಾಯಿ ಮಲಮಗನ ಜಗಳ ಎಂದರೆ ಎಲ್ಲ ನಾಡಿನವರಿಗೂ ತಟ್ಟನೆ ಅರ್ಥವಾಗುತ್ತದೆ. ಈ ಕಥೆಯ ತೊಂದರೆಯೇ ಅದು.

1960ರ ದಶಕದಲ್ಲಿ ವಿದ್ವಾಂಸ ಚಾರ್ಲ್ಸ್ ನಿಮ್ಸ್ ಕಾರ್ನಾಕ್‌ನ ಗೋಡೆಗಳ ಕಾಲವನ್ನು ಕೂಡಿಸಿ ನೋಡಿದರು. ಕೆಂಪು ಕಲ್ಲಿನ ಮಂಟಪ ಒಂದಿದೆ, ಅಮುನನ ಪಲ್ಲಕ್ಕಿ ಇಡಲು ಹತ್ಶೆಪ್ಸುತ್ ಶುರು ಮಾಡಿಸಿದ್ದು. ಅವಳ ನಂತರ ಥುಟ್ಮೋಸನೇ ಮೇಲಿನ ಸಾಲುಗಳಲ್ಲಿ ತನ್ನ ಹೆಸರು ಹಾಕಿ ಕೆಲಸ ಮುಂದುವರಿಸಿದ್ದಾನೆ. ಕೆಳಗೆ ಅವಳ ಚಿತ್ರಗಳು ಹಾಗೇ ಇದ್ದವು. ಸೇಡಿನಿಂದ ಕುದಿಯುತ್ತಿದ್ದವನು ಹೀಗೆ ಮಾಡುತ್ತಾನೆಯೇ? ಆ ಮಂಟಪವನ್ನು ಬಿಚ್ಚಿ ಅದರ ಜಾಗದಲ್ಲಿ ತನ್ನದೇ ಗ್ರಾನೈಟ್ ಮಂಟಪ ಕಟ್ಟಿಸಿದ್ದು ಆಮೇಲೆ. ಅದರ ಸುತ್ತಲಿನ ಗೋಡೆಗಳಲ್ಲಿ ಅವನು ತನ್ನ ದಂಡಯಾತ್ರೆಗಳನ್ನು ನಲವತ್ತೆರಡನೇ ವರ್ಷದವರೆಗೂ ಬರೆಸಿದ್ದಾನೆ. ಹತ್ಶೆಪ್ಸುತ್‌ಳನ್ನು ಅಳಿಸಿದ್ದೂ ಆ ಆಸುಪಾಸಿನಲ್ಲೇ ಎಂಬುದು ಈಗ ಬಹುಪಾಲು ವಿದ್ವಾಂಸರ ಲೆಕ್ಕ. ಅಂದರೆ ಅವಳು ಹೋಗಿ ಸುಮಾರು ಇಪ್ಪತ್ತು ವರ್ಷ ಆಗಿತ್ತು. ಅಷ್ಟು ದಿನ ಅವಳ ಮೂರ್ತಿಗಳ ಮುಂದೆಯೇ ಪೂಜೆ, ಉತ್ಸವ ನಡೆದಿದ್ದವು.

ಹಾಗಾದರೆ ಆ ಹೊತ್ತಿಗೆ ಏನಾಗಿತ್ತು? ಥುಟ್ಮೋಸ್‌ಗೆ ವಯಸ್ಸಾಗಿತ್ತು. ಪಟ್ಟಕ್ಕೆ ಎಂದುಕೊಂಡಿದ್ದ ಹಿರಿಮಗ ಅಮೆನೆಮ್‌ಹತ್ ಮೊದಲೇ ತೀರಿಕೊಂಡಿದ್ದ. ಉಳಿದವನು ಎರಡನೇ ಅಮೆನ್‌ಹೋಟೆಪ್, ಅರಸುಮನೆತನದ ರಕ್ತವಿಲ್ಲದ ರಾಣಿಯ ಮಗ. (ಆ ರಾಣಿಯ ಹೆಸರೂ ಮೆರಿತ್ರೆ-ಹತ್ಶೆಪ್ಸುತ್! ಹೆಸರಿನ ಮೇಲೆ ಯಾರಿಗೂ ಕೋಪ ಇರಲಿಲ್ಲ ಅನ್ನೋಣ.) ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಪಟ್ಟ ನೇರವಾಗಿ ಇಳಿದು ಬಂದಿದೆ ಎಂದು ಗೋಡೆಗಳು ಹೇಳಬೇಕಿತ್ತು. ಒಂದನೇ ಥುಟ್ಮೋಸ್, ಎರಡನೆಯವನು, ಮೂರನೆಯವನು, ಆಮೇಲೆ ಅಮೆನ್‌ಹೋಟೆಪ್. ನಡುವೆ ಒಬ್ಬಳು ಹೆಂಗಸು ಅರಸನಾಗಿ ನಿಂತಿದ್ದರೆ ಆ ಸಾಲು ಕೆಡುತ್ತದೆ. ನಾಳೆ ಅರಸನ ರಕ್ತವಿರುವ ಇನ್ನೊಬ್ಬ ಹೆಂಗಸು ‘ನಾನೂ ಆಗಬಹುದಲ್ಲ’ ಎಂದು ಕೇಳಲು ದಾರಿಯಾಗುತ್ತದೆ. ಅವಳ ಹೆಸರು ತೆಗೆದ ಕಡೆ ಅಪ್ಪನ, ಗಂಡನ ಹೆಸರು ಹಾಕಿದ್ದು ಇದಕ್ಕೆ ಸರಿಹೊಂದುತ್ತದೆ. ಅವನು ತನ್ನದೇ ಹೆಸರು ಹಾಕಿಕೊಂಡು ಮೆರೆಯಬಹುದಿತ್ತು, ಎಲ್ಲ ಕಡೆ ಹಾಗೆ ಮಾಡಲಿಲ್ಲ. ನನ್ನ ಮಟ್ಟಿಗೆ ಇದು ಸೇಡಿಗಿಂತ ಪಹಣಿ ತಿದ್ದುವ ಕೆಲಸದ ಹಾಗೆ ಕಾಣುತ್ತದೆ. ಯಾರದೋ ಹೆಸರು ತೆಗೆದು ಇನ್ಯಾರದೋ ಹೆಸರು ಏರಿಸುವುದು, ಖಾತೆ ನೇರ ಮಾಡುವುದು.

ಮೂರ್ತಿಗಳ ರಾಶಿಯ ಬಗ್ಗೆಯೂ 2025ರಲ್ಲಿ ಹೊಸ ಮಾತು ಬಂತು. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕ ಜುನ್ ಯಿ ವಾಂಗ್ ವಿನ್‌ಲಾಕ್ ಕಾಲದ ಟಿಪ್ಪಣಿ, ಫೋಟೊಗಳನ್ನು ಮತ್ತೆ ತೆಗೆದು ನೋಡಿದರು. ಎಷ್ಟೋ ಮೂರ್ತಿಗಳ ಮುಖಕ್ಕೆ ಏನೂ ಆಗಿರಲಿಲ್ಲ. ಮುರಿದದ್ದು ಕುತ್ತಿಗೆ, ಸೊಂಟ, ಮಂಡಿಯ ಹತ್ತಿರ. ಬೇರೆ ಅರಸರ ಮೂರ್ತಿಗಳನ್ನು ಪೂಜೆಯಿಂದ ತೆಗೆಯುವಾಗಲೂ ಹೀಗೇ ಮುರಿಯುತ್ತಿದ್ದರು. ಮೂರ್ತಿಯಲ್ಲಿ ಶಕ್ತಿ ಇದೆ ಎಂದು ನಂಬುವವರು ಅದನ್ನು ಹಾಗೇ ಎಸೆಯುವುದಿಲ್ಲ, ಮೊದಲು ಶಕ್ತಿ ತೆಗೆಯುತ್ತಾರೆ. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಎನ್ನುವ ನಮಗೆ ಈ ಯೋಚನೆ ಅಷ್ಟೇನೂ ದೂರದ್ದಲ್ಲ. ಉಳಿದ ಹಾಳಿನಲ್ಲಿ ಒಂದಷ್ಟು ಆಮೇಲಿನವರು ಕಲ್ಲಿಗಾಗಿ ಒಡೆದದ್ದು. ಆದರೆ ಆ ಬೇರೆ ಅರಸರಲ್ಲಿ ಹೆಚ್ಚಿನವರ ಹೆಸರನ್ನು ಗೋಡೆಗಳಿಂದ ಹೀಗೆ ಅಟ್ಟಿಸಿಕೊಂಡು ಹೋಗಿ ಕೆತ್ತಿಹಾಕಲಿಲ್ಲ. ಅದು ಇವಳ ಪಾಲಿಗೆ ಬಂದದ್ದು, ಅದನ್ನು ಮೆದು ಮಾಡಿ ಹೇಳಬೇಕಿಲ್ಲ.

ಎರಡನೇ ಉಳಿ

ಮುಂದೆ ಅಬೈಡೋಸ್ ಎಂಬ ಊರಿನ ಗುಡಿಯಲ್ಲಿ ಅರಸ ಒಂದನೇ ಸೆತಿ ಕೆತ್ತಿಸಿದ ಅರಸರ ಪಟ್ಟಿಯಲ್ಲಿ ಅವಳಿಲ್ಲ. ಆ ಪಟ್ಟಿಯಲ್ಲಿ ಅಖೆನಾತೆನ್ ಕೂಡ ಇಲ್ಲ. ಸೂರ್ಯಬಿಂಬ ಆತೆನ್ ಒಂದನ್ನೇ ಎತ್ತಿಹಿಡಿದ ಅವನ ಕಾಲದಲ್ಲಿ ಅಮುನನ ಹೆಸರು, ಚಿತ್ರ ಎಲ್ಲಿದ್ದರೂ ಕೆತ್ತಿಹಾಕಿಸಿದರು. ಆ ಕೆಲಸದವರು ದೇರ್ ಎಲ್-ಬಹ್ರಿಗೂ ಬಂದರು. ಹಾಗಾಗಿ ಒಂದೇ ಗೋಡೆಗೆ ಎರಡು ಬಾರಿ ಉಳಿ ಬಿತ್ತು. ಮೊದಲು ಪೂಜೆ ಮಾಡುವವಳನ್ನು ತೆಗೆದರು, ನೂರು ವರ್ಷದ ಹೊತ್ತಿಗೆ ಪೂಜೆ ಮಾಡಿಸಿಕೊಳ್ಳುವವನನ್ನೂ ತೆಗೆದರು. ಆಮೇಲೆ ಬಂದ ಅರಸರು ಅಮುನನನ್ನು ಮತ್ತೆ ಕೆತ್ತಿಸಿದರು. ಅವಳನ್ನು ಕೆತ್ತಿಸಲಿಲ್ಲ.

ಕಾರ್ನಾಕ್‌ನಲ್ಲಿ ಅವಳು ನಿಲ್ಲಿಸಿದ ಕಲ್ಲಿನ ಸೂಜಿಕಂಬಗಳದ್ದು ಇನ್ನೊಂದು ತಮಾಷೆ. ಒಂದೇ ಬಂಡೆಯ ಒಂದು ಕಂಬ, ಎತ್ತರ ಸುಮಾರು 29 ಮೀಟರ್, ತೂಕ ಮುನ್ನೂರು ಟನ್ನಿಗೂ ಜಾಸ್ತಿ. ಅಸ್ವಾನ್ ಗಣಿಯಲ್ಲಿ ಏಳು ತಿಂಗಳಲ್ಲಿ ಕಡಿದು ತೆಗೆದೆವು ಎಂದು ಬುಡದಲ್ಲಿ ಬರೆಸಿದ್ದಾಳೆ. ಜೋಡಿಯಲ್ಲಿ ಒಂದು ಬಿದ್ದಿದೆ, ಅದರ ತುದಿ ಗುಡಿಯ ಕೆರೆಯ ಹತ್ತಿರ ಇದೆ. ಇನ್ನೊಂದು ಇವತ್ತಿಗೂ ನಿಂತಿದೆ. ಅಮುನನಿಗೆ ಅರ್ಪಿಸಿದ ಕಂಬವನ್ನು ಕೆಡವಲು ಥುಟ್ಮೋಸ್ ಹೋಗಲಿಲ್ಲ. ಸುತ್ತ ಗೋಡೆ ಕಟ್ಟಿಸಿದ. ಮೇಲಿನ ತುದಿ ಹೊರಗೇ ಉಳಿಯಿತು. ಅಖೆನಾತೆನ್‌ನ ಜನ ಅಲ್ಲಿ ಅಮುನನನ್ನು ಕೆತ್ತಿಹಾಕಿದರು, ಸೆತಿ ಮತ್ತೆ ಸರಿಮಾಡಿಸಿದ. ಗೋಡೆಯ ಮರೆಯಲ್ಲಿದ್ದ ಕೆಳಭಾಗಕ್ಕೆ ಮಾತ್ರ ಯಾರ ಕೈಯೂ ತಾಗಲಿಲ್ಲ. ಮುಂದಿನ ವರ್ಷಗಳಲ್ಲಿ ನನ್ನ ಕಟ್ಟಡಗಳನ್ನು ನೋಡಿದ ಜನ ಏನನ್ನುತ್ತಾರೋ ಎಂದು ನನ್ನ ಮನಸ್ಸು ಅತ್ತಿತ್ತ ಹೊಯ್ದಾಡುತ್ತಿದೆ ಎಂದು ಅವಳು ಬರೆಸಿದ ಸಾಲು ಇರುವುದು ಅಲ್ಲಿಯೇ, ಕಂಬದ ಬುಡದಲ್ಲಿ.

ಕೆಂಪು ಮಂಟಪವನ್ನು ಬಿಚ್ಚಿದರಲ್ಲ, ಅದರ ಕಲ್ಲುಗಳನ್ನು ಮುಂದಿನ ಅರಸರು ತಮ್ಮ ಕಟ್ಟಡಗಳ ಒಳಗೆ ತುಂಬಿದರು. ಮೂರನೇ ಅಮೆನ್‌ಹೋಟೆಪ್ ಕಾರ್ನಾಕ್‌ನಲ್ಲಿ ಕಟ್ಟಿಸಿದ ಹೆಬ್ಬಾಗಿಲ ಗೋಪುರದ ಹೊಟ್ಟೆಯಲ್ಲಿ ಇಪ್ಪತ್ತನೇ ಶತಮಾನದವರೆಗೂ ಅವು ಬಿಸಿಲು ಗಾಳಿ ಕಾಣದೆ ಕೂತಿದ್ದವು. ತೆಗೆದಾಗ ಕೆತ್ತನೆ ಹೊಸದರಂತಿತ್ತು. 2000ದ ಹೊತ್ತಿಗೆ ಅವನ್ನು ಜೋಡಿಸಿ ಕಾರ್ನಾಕ್‌ನ ಬಯಲು ಮ್ಯೂಸಿಯಂನಲ್ಲಿ ಮಂಟಪವನ್ನು ಮತ್ತೆ ನಿಲ್ಲಿಸಿದರು. ಓಪೆತ್ ಹಬ್ಬದ ಪಲ್ಲಕ್ಕಿ ಅದರ ಗೋಡೆಯ ಮೇಲೆ ಹೊರಟಿದೆ. ಒಂದು ಕಲ್ಲಿನಲ್ಲಿ ಹತ್ಶೆಪ್ಸುತ್ ಪಲ್ಲಕ್ಕಿಯ ಮುಂದೆ ನಡೆಯುತ್ತಿದ್ದಾಳೆ, ಥುಟ್ಮೋಸ್ ಅವಳ ಹಿಂದಿದ್ದಾನೆ. ಇನ್ನೊಂದು ಕಲ್ಲಿನಲ್ಲಿ ಅವಳ ಜಾಗದಲ್ಲಿ ಉಳಿಯ ಗುರುತುಗಳು ಮಾತ್ರ ಇವೆ.